ಸರಣಿ ಕೊಟ್ಟರೆ ಆಕಾರ ಬರುತ್ತದೆ, ಎಷ್ಟು ನಂಬಬಹುದು? ಕೋಲಾಬ್‌ಫೋಲ್ಡ್ ಬಳಸುವ ಸಮಗ್ರ ಮಾರ್ಗದರ್ಶಿ

ಕೋಲಾಬ್‌ಫೋಲ್ಡ್ ಎಂದರೆ ಆಲ್ಫಾಫೋಲ್ಡ್-2 ಎಂಬ ಎಐ ಮಾದರಿಯನ್ನು ಬ್ರೌಸರಿನಿಂದಲೇ ಓಡಿಸಿ ಪ್ರೋಟೀನಿನ ಆಕಾರ ಊಹಿಸುವ ಉಚಿತ ಸಾಧನ. ಅದಕ್ಕೆ ಅಮೈನೋ ಆಮ್ಲಗಳ ಯಾವ ಸರಣಿ ಕೊಟ್ಟರೂ ಅದು ಒಂದು ಆಕಾರವನ್ನು ಕೊಟ್ಟೇ ಕೊಡುತ್ತದೆ. ಪ್ರಪಂಚದಲ್ಲಿ ಎಲ್ಲೂ ಇಲ್ಲದ ಪ್ರೋಟೀನಿಗೂ ಸುರುಳಿಯೋ ಎಳೆಯೋ ಏನೋ ಒಂದನ್ನು ಬಿಡಿಸಿ ಮುಂದಿಡುತ್ತದೆ. ಹಾಗಾಗಿ ಗುಂಡಿ ಒತ್ತುವುದು ಇಲ್ಲಿ ತೀರಾ ಸಣ್ಣ ಕೆಲಸ. ಸರಿಯಾದ ಸರಣಿ ಹಾಕುವುದು, ಬಂದ ಆಕಾರದಲ್ಲಿ ಯಾವ ಭಾಗ ನಂಬಿಕೆಗೆ ಅರ್ಹ ಎಂದು ಬೇರ್ಪಡಿಸುವುದು, ಇವೆರಡೇ ನಿಜವಾದ ಕೆಲಸ.

ಉದಾಹರಣೆಗೆ ಒಂದು ಜೋಡಿಯನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ: ಬಾರ್ನೇಸ್ ಮತ್ತು ಬಾರ್‌ಸ್ಟಾರ್. ಬ್ಯಾಸಿಲಸ್ ಅಮೈಲೊಲಿಕ್ವಿಫೇಶಿಯನ್ಸ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಬಾರ್ನೇಸ್ ಆರ್‌ಎನ್‌ಎಯನ್ನು ತುಂಡರಿಸುವ ಕಿಣ್ವ. ಅದು ತನ್ನನ್ನೇ ಕೊಲ್ಲದಂತೆ ಬ್ಯಾಕ್ಟೀರಿಯಾ ಬಾರ್‌ಸ್ಟಾರ್ ಎಂಬ ತಡೆಯನ್ನೂ ಜೊತೆಗೇ ತಯಾರಿಸಿಕೊಳ್ಳುತ್ತದೆ. ಡಿಎಂಎಚ್-11 ಸಾಸಿವೆಯ ಚರ್ಚೆಯನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಈ ಹೆಸರುಗಳು ಹೊಸತಲ್ಲ. ಆ ಹೈಬ್ರಿಡ್ ತಳಿಯಲ್ಲಿ ಪರಾಗವನ್ನು ಬಂಜೆ ಮಾಡುವುದು ಬಾರ್ನೇಸ್ ಜೀನ್, ಆ ಬಂಜೆತನವನ್ನು ಕಳೆಯುವುದು ಬಾರ್‌ಸ್ಟಾರ್ ಜೀನ್. ಎರಡೂ ಪುಟ್ಟ ಪ್ರೋಟೀನುಗಳು, ಗೂಗಲ್ ಕೊಡುವ ಉಚಿತ ಜಿಪಿಯುನಲ್ಲೇ (ಇಂಥ ಲೆಕ್ಕಗಳಿಗೆ ಬೇಕಾದ ವೇಗದ ಚಿಪ್) ಮುಗಿಯುತ್ತವೆ. ಎರಡರ ಬಗ್ಗೆಯೂ ಪ್ರಯೋಗಶಾಲೆಯ ಮಾಹಿತಿ ಧಾರಾಳವಾಗಿದೆ.

ಯಂತ್ರ ಒಳಗೆ ಏನು ನೋಡುತ್ತದೆ

ಸರಣಿಯೇ ಆಕಾರವನ್ನು ನಿರ್ಧರಿಸುತ್ತದೆ ಎಂಬುದನ್ನು ಕ್ರಿಶ್ಚಿಯನ್ ಆನ್ಫಿನ್‌ಸೆನ್ ರೈಬೋನ್ಯೂಕ್ಲಿಯೇಸ್‌ನ ಮೇಲೆ ತೋರಿಸಿ 1972ರಲ್ಲಿ ನೊಬೆಲ್ ಪಡೆದರು. ಸರಣಿಯಿಂದ ಆಕಾರವನ್ನು ಲೆಕ್ಕ ಹಾಕುವುದು ಮಾತ್ರ ಆಮೇಲೂ ಸುಮಾರು ಅರ್ಧ ಶತಮಾನ ಕೈಗೆ ಸಿಗಲಿಲ್ಲ. ಪ್ರೋಟೀನ್ ಆಕಾರ ಊಹಿಸುವ 2020ರ ಕ್ಯಾಸ್ಪ್-14 ಸ್ಪರ್ಧೆಯಲ್ಲಿ ಡೀಪ್‌ಮೈಂಡ್‌ನ ಆಲ್ಫಾಫೋಲ್ಡ್-2 ನೂರಕ್ಕೆ 92.4 ಮಧ್ಯಾಂಕದ ಜಿಡಿಟಿ ಅಂಕ (ಊಹಿಸಿದ ಆಕಾರ ಪ್ರಯೋಗದ ಆಕಾರಕ್ಕೆ ಎಷ್ಟು ಹೊಂದುತ್ತದೆ ಎಂಬ ಅಳತೆ) ಗಳಿಸಿತು. 2021ರ ಜುಲೈನಲ್ಲಿ ಅದರ ಕೋಡ್ ಬಹಿರಂಗವಾಯಿತು. 2024ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಪಾಲು ಇದಕ್ಕಾಗಿಯೇ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಹೋಯಿತು; ಹೊಸ ಪ್ರೋಟೀನುಗಳನ್ನು ವಿನ್ಯಾಸಗೊಳಿಸಿದ ಡೇವಿಡ್ ಬೇಕರ್ ಉಳಿದರ್ಧ ಪಡೆದರು.

ಆಲ್ಫಾಫೋಲ್ಡ್-2 ನಿಮ್ಮ ಸರಣಿಯೊಂದನ್ನೇ ಓದುವುದಿಲ್ಲ. ಅದರ ದಾಯಾದಿಗಳನ್ನೆಲ್ಲ, ಅಂದರೆ ಬೇರೆ ಬೇರೆ ಜೀವಿಗಳಲ್ಲಿರುವ ಹೋಲುವ ಸರಣಿಗಳನ್ನು, ಒಂದರ ಕೆಳಗೊಂದು ಜೋಡಿಸಿ ಓದುತ್ತದೆ. ಈ ಜೋಡಣೆಯೇ ಎಂಎಸ್‌ಎ. ಒರಳಿನ ಗುಳಿ ಅಗಲವಾದರೆ ಗುಂಡೂ ದಪ್ಪಗಾಗಬೇಕು, ಇಲ್ಲದಿದ್ದರೆ ಹಿಟ್ಟು ರುಬ್ಬುವುದಿಲ್ಲ. ಹಾಗೆಯೇ ಮಡಿಚಿದ ಪ್ರೋಟೀನಿನಲ್ಲಿ ಅಕ್ಕಪಕ್ಕ ತಾಗಿಕೊಂಡ ಎರಡು ಅಮೈನೋ ಆಮ್ಲಗಳಲ್ಲಿ ಒಂದು ಬದಲಾದರೆ, ವಿಕಾಸದ ದಾರಿಯಲ್ಲಿ ಇನ್ನೊಂದೂ ಹೊಂದಿಕೊಂಡು ಬದಲಾಗುತ್ತದೆ. ಸರಣಿಯಲ್ಲಿ 60 ಸ್ಥಾನ ದೂರವಿರುವ ಇಬ್ಬರು ಸದಾ ಒಟ್ಟಿಗೇ ಬದಲಾಗುತ್ತಿದ್ದರೆ, ಆಕಾರದಲ್ಲಿ ಅವರು ನೆರೆಯವರಾಗಿರುವ ಸಾಧ್ಯತೆ ಹೆಚ್ಚು. 48 ಪದರಗಳ ಇವೋಫಾರ್ಮರ್ ಎಂಬ ಭಾಗ ಈ ಸುಳಿವುಗಳನ್ನು ಹೆಕ್ಕುತ್ತದೆ. ನಂತರದ ಸ್ಟ್ರಕ್ಚರ್ ಮಾಡ್ಯೂಲ್ ಅವನ್ನು ಪರಮಾಣುಗಳ ಸ್ಥಾನಗಳಾಗಿ ಬದಲಿಸುತ್ತದೆ. ಬಂದ ಉತ್ತರವನ್ನೇ ಮತ್ತೆ ಒಳಗೆ ಹಾಕಿ ತಿದ್ದುವುದಕ್ಕೆ ರೀಸೈಕಲ್ ಎನ್ನುತ್ತಾರೆ.

ಎಂಎಸ್‌ಎ ತಯಾರಿಸಲು ಮೂಲ ಆಲ್ಫಾಫೋಲ್ಡ್‌ಗೆ ಸುಮಾರು 2.6 ಟೆರಾಬೈಟ್ ದತ್ತಾಂಶ ನಿಮ್ಮ ಯಂತ್ರದಲ್ಲೇ ಇರಬೇಕು. ಕೋಲಾಬ್‌ಫೋಲ್ಡ್ ಆ ಹೊರೆಯನ್ನು ಎಂಎಂಸೀಕ್ಸ್-2 ಎಂಬ ವೇಗದ ಹುಡುಕಾಟದ ಸರ್ವರ್‌ಗೆ ವಹಿಸುತ್ತದೆ. ಕಾಲೇಜಿನ ಲ್ಯಾಪ್‌ಟಾಪಿನಿಂದಲೂ ಈ ಕೆಲಸ ಆಗುವುದು ಅದರಿಂದಲೇ.

ಮೊದಲ ಹಂತ: ಸರಣಿಯನ್ನು ಶುಚಿ ಮಾಡಿ

ಬಹುತೇಕ ತಪ್ಪುಗಳು ಇಲ್ಲೇ ಹುಟ್ಟುತ್ತವೆ. ಪ್ರೋಟೀನ್ ಸರಣಿಗಳ ಸಾರ್ವಜನಿಕ ಸಂಗ್ರಹವಾದ ಯೂನಿಪ್ರಾಟ್‌ನಲ್ಲಿ ಬಾರ್ನೇಸ್‌ನ ಸಂಖ್ಯೆ ಪಿ00648, ಬಾರ್‌ಸ್ಟಾರ್‌ನದು ಪಿ11540. ಬಾರ್ನೇಸ್ ಪುಟ ತೆರೆದರೆ 157 ಅಮೈನೋ ಆಮ್ಲಗಳ ಸರಣಿ ಕಾಣುತ್ತದೆ. ಅದನ್ನು ಹಾಗೇ ನಕಲು ಮಾಡಬೇಡಿ. ಮೊದಲ 47 ಸ್ಥಾನಗಳು ಪ್ರೋಟೀನನ್ನು ಕೋಶದಿಂದ ಹೊರಗೆ ಕಳಿಸುವಾಗ ಕತ್ತರಿಸಿ ಹೋಗುವ ಭಾಗ. ಕೆಲಸ ಮಾಡುವ ಕಿಣ್ವ 110 ಅಮೈನೋ ಆಮ್ಲಗಳದ್ದು, ಎ-ಕ್ಯೂ-ವಿ ಎಂದು ಶುರುವಾಗಿ ಕೆ-ಐ-ಆರ್ ಎಂದು ಮುಗಿಯುತ್ತದೆ. ಪುಟದಲ್ಲಿ ಸಂಸ್ಕರಣೆಯ ವಿವರವಿರುವ ಭಾಗಕ್ಕೆ ಹೋಗಿ 'ಚೈನ್' ಎಂದಿರುವ ತುಣುಕನ್ನು ಮಾತ್ರ ತೆಗೆದುಕೊಳ್ಳಿ. ಪೂರ್ತಿ 157 ಹಾಕಿದರೆ ಯಂತ್ರ ಬೈಯುವುದಿಲ್ಲ. ಬಾಲದಂಥ ಸುರುಳಿಯೊಂದನ್ನು ಎಲ್ಲಾದರೂ ಒರಗಿಸಿ ತೋರಿಸುತ್ತದೆ. ಅದು ಕಿಣ್ವದ ಸಕ್ರಿಯ ತಾಣದ ಮೇಲೇ ಕೂತರೆ ಬಾರ್‌ಸ್ಟಾರ್‌ಗೆ ಜಾಗವೇ ಇರುವುದಿಲ್ಲ.

ಬಾರ್‌ಸ್ಟಾರ್ ಸರಣಿಯಲ್ಲಿ ಆರಂಭದ ಮೆಥಿಯೋನಿನ್ ಸೇರಿ 90 ಇದೆ. ಅದನ್ನು ಬಿಟ್ಟರೆ 89. ಪ್ರಕಟಿತ ಪ್ರಬಂಧಗಳು ಆ 89ರ ಎಣಿಕೆಯನ್ನೇ ಬಳಸುತ್ತವೆ. ಪ್ರಬಂಧದಲ್ಲಿ ಆಸ್ಪಾರ್ಟೇಟ್-39 ಎಂದಿದ್ದರೆ ಯೂನಿಪ್ರಾಟ್‌ನಲ್ಲಿ ಅದು 40. ಬಾರ್ನೇಸ್‌ನ ಹಿಸ್ಟಿಡೀನ್-102 ಯೂನಿಪ್ರಾಟ್‌ನಲ್ಲಿ 149. ಈ ಎಣಿಕೆಯ ಗೊಂದಲದಲ್ಲಿ ತಪ್ಪು ಅಮೈನೋ ಆಮ್ಲವನ್ನು ಬಣ್ಣ ಹಚ್ಚಿ ಚಿತ್ರ ಮಾಡಿದ ಪ್ರಾಜೆಕ್ಟ್ ವರದಿಗಳಿಗೆ ಬರವಿಲ್ಲ.

ಇನ್ನು ಕೆಲವು ಸಣ್ಣ ಕಂಟಕಗಳಿವೆ. ಸರಣಿಗಳನ್ನು ಬರೆದಿಡುವ ಫಾಸ್ಟಾ ಕಡತದ ಮೊದಲ ಸಾಲು ಸರಣಿಯಲ್ಲ, ತಲೆಬರಹ. ಅದನ್ನೂ ಅಂಟಿಸಿದರೆ ಅದರ ಅಕ್ಷರಗಳೂ ಅಮೈನೋ ಆಮ್ಲಗಳಾಗಿಬಿಡುತ್ತವೆ. ಪ್ರೋಟೀನ್ ಸರಣಿಯ ಬದಲು ಡಿಎನ್‌ಎ ಸರಣಿ ಅಂಟಿಸುವುದು ಇನ್ನೂ ಕೆಟ್ಟದ್ದು. ಡಿಎನ್‌ಎಯ ಎ, ಸಿ, ಜಿ, ಟಿ ನಾಲ್ಕೂ ಅಮೈನೋ ಆಮ್ಲದ ಅಕ್ಷರಗಳೂ ಹೌದು (ಅಲನೀನ್, ಸಿಸ್ಟೀನ್, ಗ್ಲೈಸೀನ್, ಥ್ರಿಯೋನೀನ್). ಆದ್ದರಿಂದ ಯಾವ ಎಚ್ಚರಿಕೆಯೂ ಇಲ್ಲದೆ ಕೆಲಸ ನಡೆಯುತ್ತದೆ, ಕೊನೆಗೆ ಕಿತ್ತಳೆ ಬಣ್ಣದ, ಅಂದರೆ ಯಂತ್ರಕ್ಕೇ ವಿಶ್ವಾಸವಿಲ್ಲದ, ಗೋಜಲು ಬರುತ್ತದೆ. ಶುದ್ಧೀಕರಣಕ್ಕೆ ಸೇರಿಸಿದ 6 ಹಿಸ್ಟಿಡೀನ್‌ಗಳ ಟ್ಯಾಗ್ ಇದ್ದರೆ, ಅದೇ ನಿಮ್ಮ ಪ್ರಶ್ನೆಯಲ್ಲದಿದ್ದಲ್ಲಿ, ತೆಗೆದುಹಾಕಿ.

ಎರಡನೇ ಹಂತ: ಆಗಲೇ ಇದೆಯೇ ನೋಡಿ

ಡೀಪ್‌ಮೈಂಡ್ ಮತ್ತು ಯುರೋಪಿನ ಇಎಂಬಿಎಲ್-ಇಬಿಐ ಸೇರಿ ನಡೆಸುವ ಆಲ್ಫಾಫೋಲ್ಡ್ ಡೇಟಾಬೇಸ್‌ನಲ್ಲಿ 2022ರ ಹೊತ್ತಿಗೇ 20 ಕೋಟಿಗೂ ಹೆಚ್ಚು ಆಕಾರಗಳಿದ್ದವು. ಒಂಟಿ ಪ್ರೋಟೀನ್ ಸಾಕೆಂದರೆ ಯೂನಿಪ್ರಾಟ್ ಸಂಖ್ಯೆ ಹಾಕಿ ಇಳಿಸಿಕೊಳ್ಳಿ, ಜಿಪಿಯು ಸುಡುವ ಅಗತ್ಯವಿಲ್ಲ. ಆದರೆ ಅಲ್ಲಿರುವುದು ಯೂನಿಪ್ರಾಟ್‌ನ ಇಡೀ ಸರಣಿಯ ಆಕಾರ. ಮೇಲೆ ಹೇಳಿದ ಕತ್ತರಿಸಿ ಹೋಗುವ ಬಾಲವೂ ಅದರಲ್ಲಿ ಇರುತ್ತದೆ. ನಿಮ್ಮ ತಳಿಯ ರೂಪಾಂತರ ಬೇಕಿದ್ದರೆ, ಅಥವಾ ನಮ್ಮಂತೆ ಜೋಡಿ ಬೇಕಿದ್ದರೆ, ಮುಂದಿನ ಹಂತಕ್ಕೆ ಹೋಗಬೇಕು.

ಮೂರನೇ ಹಂತ: ನೋಟ್‌ಬುಕ್

ಗೂಗಲ್ ಖಾತೆಯಿಂದ ಕೋಲಾಬ್‌ಫೋಲ್ಡ್‌ನ ಆಲ್ಫಾಫೋಲ್ಡ್-2 ನೋಟ್‌ಬುಕ್ ತೆರೆಯಿರಿ. ರನ್‌ಟೈಮ್ ಮೆನುವಿನಲ್ಲಿ ಟಿ4 ಜಿಪಿಯು ಆಯ್ಕೆಯಾಗಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಇದನ್ನು ಮರೆತರೆ ಸಿಪಿಯು ಮೇಲೆ ಗಂಟೆಗಟ್ಟಲೆ ತೆವಳುತ್ತದೆ.

ಸರಣಿಯ ಜಾಗದಲ್ಲಿ ಬಾರ್ನೇಸ್‌ನ 110 ಅಕ್ಷರ, ನಂತರ ಒಂದು ಅಪೂರ್ಣವಿರಾಮ ಅಂದರೆ ಎರಡು ಚುಕ್ಕೆಯ ಚಿಹ್ನೆ, ನಂತರ ಬಾರ್‌ಸ್ಟಾರ್‌ನ 89 ಅಕ್ಷರ ಹಾಕಿ. ಇಲ್ಲಿ ಸರಪಳಿ ಮುಗಿಯಿತು, ಮುಂದಿನದು ಬೇರೆ ಪ್ರೋಟೀನ್ ಎಂದು ಯಂತ್ರಕ್ಕೆ ಹೇಳುವುದು ಆ ಚಿಹ್ನೆಯೇ. ಅದು ತಪ್ಪಿದರೆ ಎರಡೂ ಸೇರಿ 199ರ ಒಂದೇ ಪ್ರೋಟೀನ್ ಆಗುತ್ತದೆ. ಒಂದೇ ಪ್ರೋಟೀನಿನ ಎರಡು ಪ್ರತಿಗಳ ಜೋಡಿ ಬೇಕಿದ್ದರೆ ಅದೇ ಸರಣಿಯನ್ನು ಚಿಹ್ನೆಯ ಎರಡೂ ಕಡೆ ಬರೆಯಿರಿ.

ಉಳಿದ ಆಯ್ಕೆಗಳು ಹೀಗಿರಲಿ:

ಟೆಂಪ್ಲೇಟ್ ಮೋಡ್: 'ನನ್'. ಪ್ರಯೋಗದಿಂದ ಪತ್ತೆಯಾದ ರಚನೆಗಳ ಸಂಗ್ರಹವಾದ ಪಿಡಿಬಿಯ ಸಿದ್ಧ ಆಕಾರಗಳನ್ನು ಅಚ್ಚಾಗಿ ಕೊಡುವ ಸೌಲಭ್ಯವಿದು, ಕಲಿಯುವಾಗ ಬೇಡ.
ಎಂಎಸ್‌ಎ ಮೋಡ್: ಯುನಿರೆಫ್ ಎಂಬ ಸರಣಿ ಸಂಗ್ರಹದ ಜೊತೆಗೆ ಪರಿಸರದ ಸರಣಿಗಳನ್ನೂ ಹುಡುಕುವ ಮೊದಲ ಆಯ್ಕೆ.
ಪೇರ್ ಮೋಡ್: 'ಅನ್‌ಪೇರ್ಡ್-ಪೇರ್ಡ್'. ಒಂದೇ ಜೀವಿಯಿಂದ ಬಂದ ಬಾರ್ನೇಸ್ ಮತ್ತು ಬಾರ್‌ಸ್ಟಾರ್ ದಾಯಾದಿಗಳನ್ನು ಒಂದೇ ಸಾಲಿನಲ್ಲಿ ಕೂರಿಸುತ್ತದೆ, ಎರಡರ ನಡುವಿನ ಸಂಪರ್ಕದ ಸುಳಿವು ಸಿಗುವುದು ಆಗಲೇ.
ಮಾಡೆಲ್ ಟೈಪ್: 'ಆಟೋ'. ಒಂಟಿಗೆ ಪಿಟಿಎಂ ಮಾದರಿಯನ್ನೂ ಜೋಡಿಗೆ ಮಲ್ಟಿಮರ್ ಮಾದರಿಯನ್ನೂ ತಾನೇ ಆರಿಸಿಕೊಳ್ಳುತ್ತದೆ.
ರೀಸೈಕಲ್: ಇದೂ 'ಆಟೋ'.
ರಿಲ್ಯಾಕ್ಸ್: 0. ಆಂಬರ್ ಬಲಕ್ಷೇತ್ರದಿಂದ ಪರಮಾಣುಗಳ ಡಿಕ್ಕಿಯನ್ನು ಸರಿಪಡಿಸುವ ಕೆಲಸ ಇದು. ತಪ್ಪು ಮಡಿಕೆಯನ್ನು ಇದು ಸರಿ ಮಾಡದು. ಡಾಕಿಂಗ್ ಅಥವಾ ಸಿಮ್ಯುಲೇಷನ್‌ಗೆ ಹೊರಟಿದ್ದರೆ ಮಾತ್ರ 1 ಮಾಡಿ.

ನೋಟ್‌ಬುಕ್ಕಿನ ಎಲ್ಲ ಕೋಶಗಳನ್ನೂ ಒಟ್ಟಿಗೆ ಓಡಿಸಿ. 199ರ ಜೋಡಿಗೆ ಚಹಾ ಕುಡಿದು ಬರುವಷ್ಟು ಹೊತ್ತು ಸಾಕು. ಉದ್ದ ಹೆಚ್ಚಿದಂತೆ ಸಮಯ ನೇರ ಅನುಪಾತದಲ್ಲಿ ಹೆಚ್ಚುವುದಿಲ್ಲ. ಪ್ರತಿ ಅಮೈನೋ ಆಮ್ಲವನ್ನೂ ಉಳಿದೆಲ್ಲದರ ಜೊತೆ ಜೋಡಿ ಮಾಡಿ ನೋಡುವುದರಿಂದ 199ಕ್ಕೆ ಸುಮಾರು 40,000 ಜೋಡಿಗಳಾದರೆ 2,000ಕ್ಕೆ 40 ಲಕ್ಷ. 16 ಗಿಗಾಬೈಟ್‌ನ ಟಿ4 ಸುಮಾರು 2,000ದ ಹತ್ತಿರ ಕೈಚೆಲ್ಲುತ್ತದೆ. ಮೆಮೊರಿ ಸಾಲದು ಎಂಬ ದೋಷ ಬಂದರೆ ಪ್ರೋಟೀನನ್ನು ಡೊಮೇನ್‌ಗಳಾಗಿ, ಅಂದರೆ ತಾವಾಗಿಯೇ ಮಡಿಚಿಕೊಳ್ಳುವ ತುಂಡುಗಳಾಗಿ, ಕತ್ತರಿಸಿ. ಆದರೆ ಡೊಮೇನಿನ ಮಧ್ಯಕ್ಕೆ ಕತ್ತರಿ ಹಾಕಬೇಡಿ. ಬೀಟಾ ಹಾಳೆಯ ಒಂದು ಎಳೆ ಹೊರಗುಳಿದರೆ ಉಳಿದ ಹಾಳೆಯೂ ಕೆಡುತ್ತದೆ.

ಕಂಪನಿಯ ಗುಟ್ಟಿನ ಸರಣಿ, ಪೇಟೆಂಟ್‌ಗೆ ಹೋಗಬೇಕಾದ ಸರಣಿ ಕೈಯಲ್ಲಿದ್ದರೆ ಒಂದು ಮಾತು: ಎಂಎಸ್‌ಎಗಾಗಿ ಆ ಸರಣಿ ಹೊರಗಿನ ಸಾರ್ವಜನಿಕ ಸರ್ವರ್‌ಗೆ ಹೋಗುತ್ತದೆ. ಅಂಥ ಕೆಲಸಕ್ಕೆ ಕೋಲಾಬ್‌ಫೋಲ್ಡನ್ನು ದತ್ತಾಂಶ ಸಮೇತ ನಿಮ್ಮದೇ ಸರ್ವರ್‌ನಲ್ಲಿ ಸ್ಥಾಪಿಸಿಕೊಳ್ಳಿ. ನೂರಾರು ಸರಣಿಗಳಿದ್ದಾಗಲೂ ಅದೇ ಸರಿ, ಸಾರ್ವಜನಿಕ ಸರ್ವರ್ ಎಲ್ಲರದ್ದು.

ನಾಲ್ಕನೇ ಹಂತ: ಆಕಾರ ನೋಡುವ ಮೊದಲು ನಕ್ಷೆಗಳನ್ನು ನೋಡಿ

ಬಣ್ಣದ ಆಕಾರ ಪರದೆಯ ಮೇಲೆ ತಿರುಗತೊಡಗಿದರೆ ಕಣ್ಣು ಬೇರೆಲ್ಲೂ ಹೋಗುವುದಿಲ್ಲ. ಅದಕ್ಕೇ ಮೊದಲು ಕವರೇಜ್ ನಕ್ಷೆ ತೆರೆಯಿರಿ. ಪ್ರತಿ ಸ್ಥಾನಕ್ಕೆ ಎಷ್ಟು ದಾಯಾದಿ ಸರಣಿಗಳು ಸಿಕ್ಕಿವೆ ಎಂಬುದನ್ನು ಕಪ್ಪು ಗೆರೆ ತೋರಿಸುತ್ತದೆ. ಸುಮಾರು 30ಕ್ಕಿಂತ ಕೆಳಗಿಳಿದರೆ ಆಲ್ಫಾಫೋಲ್ಡ್-2ರ ನಿಖರತೆ ಕುಸಿಯುತ್ತದೆ, 100 ದಾಟಿದ ಮೇಲೆ ಸಿಗುವ ಲಾಭ ಅಲ್ಪ. ಸಾವಿರ ಸರಣಿ ಇದ್ದರೂ ಎಲ್ಲವೂ ಶೇ. 95 ಒಂದೇ ಥರ ಇದ್ದರೆ ಪ್ರಯೋಜನವಿಲ್ಲ. ಒಂದೇ ಮನೆಯವರ ಸಾಕ್ಷಿ ಎಷ್ಟಾದರೂ ಒಂದೇ ಸಾಕ್ಷಿ.

ಎರಡನೆಯದು ಪಿಎಲ್‌ಡಿಡಿಟಿ. ಪ್ರತಿ ಅಮೈನೋ ಆಮ್ಲದ ಸುತ್ತಲಿನ ಆಕಾರದ ಬಗ್ಗೆ ಯಂತ್ರಕ್ಕೇ ಎಷ್ಟು ವಿಶ್ವಾಸವಿದೆ ಎಂಬ 100ರೊಳಗಿನ ಅಂಕ. 90ರ ಮೇಲಿದ್ದರೆ (ಚಿತ್ರದಲ್ಲಿ ಕಡುನೀಲಿ) ಪಕ್ಕಸರಪಳಿಯ ದಿಕ್ಕನ್ನೂ ಸಾಮಾನ್ಯವಾಗಿ ನಂಬಬಹುದು. 70ರಿಂದ 90 ಇದ್ದರೆ ಬೆನ್ನೆಲುಬು ಸರಿ. 50ರಿಂದ 70ಕ್ಕೆ ಎಚ್ಚರ ಬೇಕು. 50ರ ಕೆಳಗಿನದನ್ನು (ಆಲ್ಫಾಫೋಲ್ಡ್ ಬಣ್ಣಪಟ್ಟಿಯಲ್ಲಿ ಕಿತ್ತಳೆ) ಆಕಾರ ಎಂದು ಕರೆಯಲೇಬೇಡಿ. ಅಂಥ ಕಿತ್ತಳೆ ಭಾಗ ಬಹಳ ಸಲ ನಿಜಕ್ಕೂ ಆಕಾರವಿಲ್ಲದೆ ಅಲೆದಾಡುವ ಭಾಗವೇ ಆಗಿರುತ್ತದೆ. ಆಗ ಕಡಿಮೆ ಅಂಕ ಯಂತ್ರದ ಸೋಲಲ್ಲ, ಅದೇ ಉತ್ತರ.

ಈ ಅಂಕ ಪಿಡಿಬಿ ಕಡತದ ಬಿ-ಫ್ಯಾಕ್ಟರ್ ಕಾಲಂನಲ್ಲಿ ಕೂತಿರುತ್ತದೆ. ಸ್ಫಟಿಕಶಾಸ್ತ್ರದಲ್ಲಿ ಬಿ-ಫ್ಯಾಕ್ಟರ್ ಹೆಚ್ಚಿದ್ದರೆ ಅಸ್ಪಷ್ಟ, ಇಲ್ಲಿ ಹೆಚ್ಚಿದ್ದರೆ ಖಚಿತ. ಹಳೆಯ ಬಣ್ಣದ ಪಟ್ಟಿಯನ್ನೇ ಬಳಸಿದರೆ ಚಿತ್ರ ತಲೆಕೆಳಗಾಗುತ್ತದೆ. ಆಕಾರಗಳನ್ನು ತೋರಿಸುವ ಕೈಮೆರಾ-ಎಕ್ಸ್ ತಂತ್ರಾಂಶದಲ್ಲಿ ಇದಕ್ಕೆಂದೇ ಆಲ್ಫಾಫೋಲ್ಡ್ ಬಣ್ಣಪಟ್ಟಿ ಇದೆ.

ಮೂರನೆಯದು ಪಿಎಇ ನಕ್ಷೆ. ಹೊಸಬರು ಹಾರಿಸಿಬಿಡುವುದು ಇದನ್ನೇ, ಜೋಡಿಯ ವಿಷಯದಲ್ಲಿ ತೀರ್ಪು ಕೊಡುವುದೂ ಇದೇ. ಒಂದು ಅಮೈನೋ ಆಮ್ಲವನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಇನ್ನೊಂದು ಎಷ್ಟು ಆಂಗ್‌ಸ್ಟ್ರಾಂ ಆಚೀಚೆ ಹೋಗಬಹುದು ಎಂಬ ಅಂದಾಜು ಇಲ್ಲಿದೆ. ಕೋಲಾಬ್‌ಫೋಲ್ಡ್‌ನಲ್ಲಿ ನೀಲಿ ಎಂದರೆ ಕಡಿಮೆ ತಪ್ಪು, ಕೆಂಪು ಎಂದರೆ 30 ಆಂಗ್‌ಸ್ಟ್ರಾಂ ಹತ್ತಿರ. ನಮ್ಮ ನಕ್ಷೆಯಲ್ಲಿ ಕರ್ಣದ ಮೇಲೆ 110ರ ಒಂದು ಚೌಕ, 89ರ ಇನ್ನೊಂದು ಚೌಕ. ಇವೆರಡೂ ನೀಲಿ ಇದ್ದರೆ ಪ್ರತಿಯೊಂದರ ಸ್ವಂತ ಆಕಾರ ಸರಿ ಎಂದಷ್ಟೇ ಅರ್ಥ. ಒಂದರ ಪಕ್ಕ ಇನ್ನೊಂದು ಕೂತಿರುವ ರೀತಿ ಸರಿಯೇ ಎಂದು ಹೇಳುವುದು ಕರ್ಣದಿಂದ ಹೊರಗಿನ ಎರಡು ಆಯತಗಳು. ಅವು ಕೆಂಪಿದ್ದರೆ ಜೋಡಿ ಕೇವಲ ಚಿತ್ರಕ್ಕಾಗಿ ಪಕ್ಕದಲ್ಲಿ ನಿಂತಿದೆ. ಪಿಎಲ್‌ಡಿಡಿಟಿ ಪೂರ್ತಿ ಕಡುನೀಲಿಯಾಗಿದ್ದೂ ಜೋಡಣೆ ಪೂರ್ತಿ ತಪ್ಪಾಗಿರಬಹುದು. ಎರಡು ಡೊಮೇನ್‌ಗಳನ್ನು ಸಡಿಲ ದಾರ ಸೇರಿಸಿರುವ ಒಂಟಿ ಪ್ರೋಟೀನಿಗೂ ಇದೇ ಮಾತು ಅನ್ವಯಿಸುತ್ತದೆ.

ಇಡೀ ಜೋಡಿಗೆ ಒಂದೇ ಅಂಕ ಬೇಕಿದ್ದರೆ ಐಪಿಟಿಎಂ ನೋಡಿ: 0.8ರ ಮೇಲೆ ಭರವಸೆ, 0.6ರ ಕೆಳಗೆ ಬಹುಶಃ ವಿಫಲ, ನಡುವಿನದು ಅನುಮಾನದ ಪಟ್ಟಿ. ಕೋಲಾಬ್‌ಫೋಲ್ಡ್ ಕೊಡುವ ಐದೂ ಮಾದರಿಗಳು ಬಾರ್‌ಸ್ಟಾರನ್ನು ಒಂದೇ ಕಡೆ ಕೂರಿಸಿವೆಯೇ ಎಂದೂ ಹೋಲಿಸಿ. ಐದು ಮಾದರಿ ಐದು ದಿಕ್ಕು ತೋರಿದರೆ ಮೊದಲ ರ‍್ಯಾಂಕಿನದನ್ನು ಎತ್ತಿಕೊಂಡು ಹೋಗುವುದು ಚೀಟಿ ಎತ್ತಿದಂತೆ. ಆಗ ಸೀಡ್‌ಗಳ, ಅಂದರೆ ಯಾದೃಚ್ಛಿಕ ಆರಂಭಗಳ, ಸಂಖ್ಯೆಯನ್ನು ಹೆಚ್ಚಿಸಿ ಮತ್ತೆ ಓಡಿಸಿ.

ಐದನೇ ಹಂತ: ಪ್ರಯೋಗದ ಜೊತೆ ಒರೆಗೆ ಹಚ್ಚಿ

ಪಿಡಿಬಿಯಿಂದ 1ಬಿಆರ್‌ಎಸ್ ಇಳಿಸಿ. ಈ ಜೋಡಿಯ 2 ಆಂಗ್‌ಸ್ಟ್ರಾಂ ಸ್ಫಟಿಕ ರಚನೆ ಇದು. ಅದರಲ್ಲಿ ಮೂರು ಪ್ರತಿಗಳಿವೆ. ಎ, ಬಿ, ಸಿ ಸರಪಳಿಗಳು ಬಾರ್ನೇಸ್, ಡಿ, ಇ, ಎಫ್ ಬಾರ್‌ಸ್ಟಾರ್. ಎ ಮತ್ತು ಡಿ ಉಳಿಸಿಕೊಂಡು ಬೇರೆಯದನ್ನು ಅಳಿಸಿ. ಆ ಬಾರ್‌ಸ್ಟಾರ್‌ನಲ್ಲಿ 40 ಮತ್ತು 82ನೇ ಸಿಸ್ಟೀನ್‌ಗಳನ್ನು ಅಲನೀನ್ ಆಗಿ ಬದಲಿಸಿದ್ದಾರೆ, ಆ ಎರಡು ವ್ಯತ್ಯಾಸ ಕಂಡು ಗಾಬರಿ ಬೇಡ.

ಹೋಲಿಸುವಾಗ ಇಡೀ ಜೋಡಿಯನ್ನು ಒಟ್ಟಿಗೆ ಒಂದರ ಮೇಲೊಂದು ಕೂರಿಸಬೇಡಿ, ತಪ್ಪು ಎರಡೂ ಕಡೆ ಹಂಚಿಹೋಗಿ ಸಣ್ಣದಾಗಿ ಕಾಣುತ್ತದೆ. ಬಾರ್ನೇಸನ್ನು ಮಾತ್ರ ಬಾರ್ನೇಸ್ ಮೇಲೆ ಕೂರಿಸಿ, ಆಮೇಲೆ ಬಾರ್‌ಸ್ಟಾರ್ ಎಷ್ಟು ಸರಿದಿದೆ ಎಂದು ಅಳೆಯಿರಿ. ನಂತರ ಬಾರ್‌ಸ್ಟಾರ್‌ನ ಆಸ್ಪಾರ್ಟೇಟ್-39 ಹುಡುಕಿ. ಅದು ಬಾರ್ನೇಸ್‌ನ ಸಕ್ರಿಯ ತಾಣದೊಳಗೆ ಬೆರಳಿಟ್ಟಂತೆ ಇದ್ದು, ಅರ್ಜಿನೀನ್-83, ಅರ್ಜಿನೀನ್-87 ಮತ್ತು ಹಿಸ್ಟಿಡೀನ್-102ರ ನೆರೆಯಲ್ಲಿರಬೇಕು. ಈ ಹಿಡಿತದ ವಿಯೋಜನ ಸ್ಥಿರಾಂಕ 10ರ ಮೈನಸ್ 14ನೇ ಘಾತದ ಮೋಲಾರ್ ಮಟ್ಟದ್ದು, ಪ್ರೋಟೀನ್ ಲೋಕದ ಅತಿ ಬಿಗಿ ಹಿಡಿತಗಳಲ್ಲೊಂದು.

ಬೆನ್ನೆಲುಬಿನ ಕೋನಗಳ ಪರೀಕ್ಷೆಗೆ ರಾಮಚಂದ್ರನ್ ನಕ್ಷೆ ಇದ್ದೇ ಇದೆ. 1963ರಲ್ಲಿ ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ತಮ್ಮ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಈ ನಕ್ಷೆಯನ್ನು ಇವತ್ತಿಗೂ ಪ್ರತಿ ರಚನೆಯೂ ದಾಟಿಯೇ ಬರಬೇಕು. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ನಿಷಿದ್ಧ ವಲಯದಲ್ಲಿ ಬಿದ್ದ ಅಮೈನೋ ಆಮ್ಲಗಳನ್ನು ಪಿಎಲ್‌ಡಿಡಿಟಿ ಜೊತೆ ತಾಳೆ ಹಾಕಿ. ಹೆಚ್ಚಿನವು ಕಿತ್ತಳೆ ಭಾಗದವೇ ಆಗಿರುತ್ತವೆ.

ಎಲ್ಲ ಸರಿಬಂದರೆ ಹಿಗ್ಗುವ ಮೊದಲು ಇದನ್ನು ನೆನಪಿಡಿ: ಆಲ್ಫಾಫೋಲ್ಡ್-2 ಕಲಿತದ್ದು 2018ರ ಏಪ್ರಿಲ್ 30ರವರೆಗಿನ ಪಿಡಿಬಿ ರಚನೆಗಳಿಂದ. 1990ರ ದಶಕದ ಈ ಜೋಡಿ ಆ ಪಠ್ಯದಲ್ಲೇ ಇತ್ತು. ಅಂದರೆ ಇಲ್ಲಿ ಪರೀಕ್ಷೆಯಾದದ್ದು ನಿಮ್ಮ ಕೈಚಳಕ, ಯಂತ್ರದ ಬುದ್ಧಿಯಲ್ಲ. ನಿಮ್ಮದೇ ಪ್ರೋಟೀನಿಗೆ ಹೋದಾಗ ಇಷ್ಟು ಸಲೀಸಾಗಿ ಬರದು.

ಎಲ್ಲಿ ಎಡವುತ್ತದೆ, ಯಾಕೆ

ಪ್ರತಿಕಾಯ ಮತ್ತು ಪ್ರತಿಜನಕದ ಜೋಡಿಗಳು ಕಷ್ಟ, ಯಾಕೆಂದರೆ ಅವೆರಡೂ ಕೋಟ್ಯಂತರ ವರ್ಷ ಒಟ್ಟಿಗೆ ವಿಕಾಸವಾದವಲ್ಲ, ಒರಳು-ಗುಂಡಿನ ಸುಳಿವೇ ಅಲ್ಲಿಲ್ಲ. ದಾಯಾದಿಗಳೇ ಇಲ್ಲದ ಅನಾಥ ಪ್ರೋಟೀನುಗಳೂ ಹೀಗೆಯೇ. ಇವಕ್ಕೆ 2022ರಲ್ಲಿ ಮೆಟಾ ತಂದ ಇಎಸ್‌ಎಂಫೋಲ್ಡನ್ನು ಪ್ರಯತ್ನಿಸಬಹುದು. ಅದಕ್ಕೆ ಎಂಎಸ್‌ಎ ಬೇಡ, ಭಾಷಾ ಮಾದರಿಯೊಂದೇ ಸಾಕು. ಆದರೆ ಆ ಭಾಷಾ ಮಾದರಿ ಕಲಿತದ್ದೂ ಸಹಜ ಸರಣಿಗಳಿಂದಲೇ, ಪವಾಡ ನಿರೀಕ್ಷಿಸಬೇಡಿ. ಲೋಹದ ಅಯಾನು, ಔಷಧಿಯ ಅಣು, ಡಿಎನ್‌ಎ ಯಾವುದೂ ಆಲ್ಫಾಫೋಲ್ಡ್-2ಕ್ಕೆ ಗೊತ್ತಿಲ್ಲ. ಸತುವು ಕೂರುವ ಗೂಡನ್ನು ಸರಿಯಾಗಿ ಬಿಡಿಸಿ, ಒಳಗೆ ಖಾಲಿ ಬಿಡುತ್ತದೆ. ಅವು ಬೇಕಿದ್ದರೆ 2024ರ ಆಲ್ಫಾಫೋಲ್ಡ್-3 ಅಥವಾ ಮುಕ್ತ ಪರವಾನಗಿಯ ಬೋಲ್ಟ್ಜ್-1 ಕಡೆ ಹೋಗಬೇಕು. ಆಲ್ಫಾಫೋಲ್ಡ್-3ರ ಸರ್ವರ್ ವಾಣಿಜ್ಯೇತರ ಬಳಕೆಗೆ ಮಾತ್ರ ಎಂಬ ಷರತ್ತನ್ನು ಸ್ಟಾರ್ಟಪ್‌ನವರು ಓದಿಕೊಳ್ಳಲಿ.

ಎರಡು ರೂಪಗಳ ನಡುವೆ ತೆರೆದು ಮುಚ್ಚುವ ಪ್ರೋಟೀನಿಗೆ ಯಂತ್ರ ಸಾಮಾನ್ಯವಾಗಿ ಒಂದೇ ರೂಪ ಕೊಡುತ್ತದೆ. ಯಂತ್ರ ಓದುವ ದಾಯಾದಿ ಸರಣಿಗಳಿಗೆ ಮಿತಿ ಹಾಕುವ ಮ್ಯಾಕ್ಸ್ ಎಂಎಸ್‌ಎ ಮೌಲ್ಯವನ್ನು 32:64 ಅಥವಾ 16:32ಕ್ಕೆ ಇಳಿಸಿ ಸೀಡ್‌ಗಳನ್ನು ಹೆಚ್ಚಿಸಿದರೆ ಕೆಲವೊಮ್ಮೆ ಇನ್ನೊಂದು ರೂಪವೂ ಇಣುಕುತ್ತದೆ. ಇಣುಕಿದ್ದೆಲ್ಲ ನಿಜವಲ್ಲ, ಕೆಟ್ಟ ಮಾದರಿಗಳೂ ಹೆಚ್ಚುತ್ತವೆ.

ಒಂದೇ ಅಮೈನೋ ಆಮ್ಲ ಬದಲಿಸಿ ರೋಗದ ಪರಿಣಾಮ ತಿಳಿಯುವ ಆಸೆ ಎಲ್ಲರಿಗೂ ಬರುತ್ತದೆ. ಬಾರ್‌ಸ್ಟಾರ್‌ನ ಆಸ್ಪಾರ್ಟೇಟ್-39ನ್ನು ಅಲನೀನ್ ಮಾಡಿ ಓಡಿಸಿ ನೋಡಿ. ಪ್ರಯೋಗದಲ್ಲಿ ಹಿಡಿತ ವಿಪರೀತ ಸಡಿಲಾಗುತ್ತದೆ, ಯಂತ್ರ ಮಾತ್ರ ಹೆಚ್ಚೂಕಡಿಮೆ ಹಳೆಯ ಜೋಡಿಯನ್ನೇ ಕೊಡುವ ಸಾಧ್ಯತೆ ಹೆಚ್ಚು. ಸಾವಿರಾರು ದಾಯಾದಿಗಳ ನಡುವೆ ಒಂದು ಅಕ್ಷರದ ಕೂಗು ಅದಕ್ಕೆ ಕೇಳಿಸುವುದಿಲ್ಲ. ಪಿಎಲ್‌ಡಿಡಿಟಿ ಎರಡು ಅಂಕ ಇಳಿದದ್ದನ್ನು ಸ್ಥಿರತೆ ಕಡಿಮೆಯಾಯಿತು ಎಂದು ಬರೆಯುವುದು ತಪ್ಪು, ಅದು ಸ್ಥಿರತೆಯ ಅಳತೆಯೇ ಅಲ್ಲ.

ಆಮ್ಲೀಯತೆ, ಉಷ್ಣತೆ, ಉಪ್ಪು ಹಾಕಲು ನೋಟ್‌ಬುಕ್ಕಿನಲ್ಲಿ ಜಾಗವೇ ಇಲ್ಲ. ಆಮ್ಲೀಯ ದ್ರಾವಣದಲ್ಲಿ ಬಾರ್‌ಸ್ಟಾರ್ ತನ್ನ ಆಕಾರ ಬಿಟ್ಟು ಹಲವು ಅಣುಗಳು ಗುಂಪುಗೂಡಿದ ಬೇರೆಯೇ ರೂಪ ತಾಳುತ್ತದೆ. ಕೋಲಾಬ್‌ಫೋಲ್ಡ್‌ಗೆ ಅದು ಯಾವತ್ತೂ ಅದೇ 89ರ ಮಡಿಚಿದ ಗಂಟು.

ಮಡಿಕೆಯ ದಾರಿಯೂ ಇಲ್ಲಿ ಸಿಗುವುದಿಲ್ಲ, ಸಿಗುವುದು ದಾರಿಯ ಕೊನೆ ಮಾತ್ರ. ರೀಸೈಕಲ್‌ನ ಮಧ್ಯದ ಚಿತ್ರಗಳನ್ನು ಜೋಡಿಸಿ ಪ್ರೋಟೀನ್ ಮಡಿಚುವ ಚಲನಚಿತ್ರ ಎಂದು ತೋರಿಸುವುದುಂಟು. ಅದು ಲೆಕ್ಕದ ಹಂತಗಳು, ಅಣುವಿನ ಹಂತಗಳಲ್ಲ. ನಿಮ್ಮ ಮಾದರಿಯಲ್ಲಿ ಬಾರ್‌ಸ್ಟಾರ್‌ನ ಟೈರೋಸಿನ್-47 ಮತ್ತು ಪ್ರೋಲಿನ್-48ರ ನಡುವಿನ ಪೆಪ್ಟೈಡ್ ಬಂಧದ ಒಮೇಗಾ ಕೋನ ಅಳೆಯಿರಿ. ಸಾಮಾನ್ಯ ಬಂಧಗಳಲ್ಲಿ ಅದು 180 ಡಿಗ್ರಿಯ ಹತ್ತಿರ (ಇದು ಟ್ರಾನ್ಸ್), ಸಹಜ ಬಾರ್‌ಸ್ಟಾರ್‌ನ ಈ ಒಂದು ಬಂಧದಲ್ಲಿ ಸೊನ್ನೆಯ ಹತ್ತಿರ, ಅಂದರೆ ಸಿಸ್. ಯಂತ್ರ ಅದನ್ನು ಸರಿಯಾಗಿ ಬಿಡಿಸಿದರೂ, ಬಿಚ್ಚಿದ ಪ್ರೋಟೀನಿನಲ್ಲಿ ಅದು ಬಹುಪಾಲು ಟ್ರಾನ್ಸ್ ಆಗಿರುತ್ತದೆ, ಮಡಿಚುವಾಗ ತಿರುಗಲು ಹೊತ್ತು ಹಿಡಿಯುವುದು ಅಲ್ಲೇ ಎಂಬುದನ್ನು ಹೇಳುವುದಿಲ್ಲ. ಅದನ್ನು ಕಂಡುಕೊಂಡದ್ದು ದ್ರಾವಣಗಳನ್ನು ಕ್ಷಣಾರ್ಧದಲ್ಲಿ ಬೆರೆಸಿ ಟ್ರಿಪ್ಟೊಫಾನ್‌ನ ಹೊಳಪನ್ನು ಹಿಂಬಾಲಿಸುವ ಪ್ರಯೋಗಗಳಿಂದ. ಬಾರ್‌ಸ್ಟಾರ್‌ನ ಮೇಲೆ ಅಂಥ ಅಳತೆಗಳನ್ನು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ ಜಯಂತ್ ಉದ್ಗಾಂವ್ಕರ್ ಅವರ ತಂಡ ವರ್ಷಗಟ್ಟಲೆ ಮಾಡಿದೆ. ನಿಮ್ಮ ಪ್ರಶ್ನೆ 'ಹೇಗೆ ಮಡಿಚಿತು' ಎಂಬುದಾದರೆ ಜಿಪಿಯು ಬಿಟ್ಟು ಅಂಥ ಪ್ರಯೋಗಕ್ಕೇ ಹೋಗಬೇಕು. ಒಮೇಗಾ ಕೋನವನ್ನು ಮಾತ್ರ ಮೊದಲು ಅಳೆದುಕೊಂಡು ಹೋಗಿ.